ಶಿಶಿಕ್ಷು ಕೂಲಿಯಾಳಲ್ಲ
ಶಿಶಿಕ್ಷು (ಅಪ್ರೆಂಟಿಸ್) ತರಬೇತಿಯು ಕಾರ್ಖಾನೆಗಳಿಗೆ ಅಗ್ಗದ ದುಡಿಮೆಯನ್ನು ಒದಗಿಸುವ ಉಪಾಯಮಾತ್ರವಾದುದರಿಂದ ಅದನ್ನು ವಿಸ್ತರಿಸಬಾರದೆಂಬ, ಈಚೆಗೆ ಪ್ರಕಟವಾದ ಲೇಖನವೊಂದರ ವಾದವನ್ನು ನಾನು ಒಪ್ಪಲಾರೆನು. ದುರುಪಯೋಗದ ಭಯವು ನಿರಾಧಾರವಲ್ಲ. ಆದರೆ ಅದಕ್ಕೆ ಪರಿಹಾರವು ನಿಯಮಪಾಲನೆಯೇ ಹೊರತು ನಿರಾಕರಣೆಯಲ್ಲ. 1961ರ ಶಿಶಿಕ್ಷು ಅಧಿನಿಯಮವು ನೋಂದಾಯಿತ ಕರಾರನ್ನೂ ಮಾಸಿಕ ಶಿಷ್ಯವೇತನವನ್ನೂ ವಿಧಿಸಿದೆ. 30ಕ್ಕೆ ಕಡಿಮೆಯಿಲ್ಲದಷ್ಟು ಕೆಲಸಗಾರರುಳ್ಳ ಸಂಸ್ಥೆಗಳು ಶೇ. 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳತಕ್ಕದ್ದೆಂಬುದು ಇಂದಿನ ನಿಯಮ.

ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯೂ, ಜೋಯಿಡಾದ ಅರಣ್ಯಮಧ್ಯದಲ್ಲಿ ಸೂಪಾ ವಿದ್ಯುದಾಗಾರವೂ ಇರುವಾಗ, ಅಲ್ಲಿಯ ಕುಣಬಿ ತರುಣರೂ ಹಳಿಯಾಳ, ಮುಂಡಗೋಡಗಳ ಸಿದ್ದಿ ತರುಣರೂ ಕಸುಬನ್ನರಿಯದೆ ಪರಸ್ಥಳದ ಕೂಲಿಗೆ ಹೊರಡಬೇಕಾದರೆ, ಅದಾವ ನ್ಯಾಯ? ಯಂತ್ರದ ನಾದಭೇದದಿಂದಲೇ ದೋಷವನ್ನರಿಯುವ ವಿದ್ಯೆಯು ನುರಿತ ಕುಶಲಕರ್ಮಿಯ ಸನ್ನಿಧಿಯಲ್ಲದೆ ಪಾಠದ ಕೊಠಡಿಯಲ್ಲಿ ಸಿದ್ಧಿಸದು. ಆದಕಾರಣ ವಸತಿ, ಬಸ್ಸು, ಕಟ್ಟುನಿಟ್ಟಾದ ತಪಾಸಣೆಗಳೊಡನೆ ಈ ತರಬೇತಿಯನ್ನು ಮೇಲೆ ಹೇಳಿದ ನಾಲ್ಕೂ ತಾಲ್ಲೂಕುಗಳಿಗೆ ವಿಸ್ತರಿಸುವುದು ಸರ್ಕಾರದ ಕರ್ತವ್ಯ.