ತೆರಿಗೆ ಬಾಟಲಿಗೋ, ಅಮಲಿಗೋ?

ಪುಣೆಯ ಬಾಣೇರ್‌ನಲ್ಲಿ ನಮ್ಮ ಕಚೇರಿಯಿಂದ ಹತ್ತು ನಿಮಿಷ ನಡೆದರೆ ಒಂದು ಮೈಕ್ರೋಬ್ರೂವರಿ ಸಿಗುತ್ತದೆ. ತಿಂಗಳಿಗೊಂದು ಶುಕ್ರವಾರ ಸಂಜೆ ನಾವು ನಾಲ್ವರು ಸಹೋದ್ಯೋಗಿಗಳು ಅಲ್ಲಿ ಸೇರುತ್ತೇವೆ. ಮರದ ಹಲಗೆಯೊಂದರ ಮೇಲೆ ನೂರು ಮಿಲಿಲೀಟರ್‌ನ ಆರು ಪುಟ್ಟ ಲೋಟಗಳನ್ನು ತಂದಿಡುತ್ತಾರೆ. ಆರರಲ್ಲೂ ಬೇರೆ ಬೇರೆ ಬಿಯರ್. ಜರ್ಮನ್ ಮಾದರಿಯ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು ಮತ್ತು ಲವಂಗದ ವಾಸನೆ ಇರುತ್ತದೆ. ಆದರೆ ಅದಕ್ಕೆ ಬಾಳೆಹಣ್ಣನ್ನೂ ಹಾಕಿರುವುದಿಲ್ಲ, ಲವಂಗವನ್ನೂ ಹಾಕಿರುವುದಿಲ್ಲ; ಅದು ಯೀಸ್ಟ್‌ನ ಕೆಲಸ. ಬೆಲ್ಜಿಯನ್ ಮಾದರಿಯದಕ್ಕೆ ಮಾತ್ರ ನಿಜವಾಗಿಯೂ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಸ್ಟೌಟ್‌ನಲ್ಲಿ ಹುರಿದ ಬಾರ್ಲಿಯಿಂದಾಗಿ ಕಾಫಿಯ ಕಹಿ. ಐಪಿಎಯಲ್ಲಿ ಹಾಪ್ಸ್ ಹೂವಿನ ಕಹಿ. ಯಾವುದು ಮೇಲು ಎಂಬ ಬಗ್ಗೆ ನಮ್ಮಲ್ಲಿ ಇದುವರೆಗೆ ಒಮ್ಮತ ಮೂಡಿಲ್ಲ.

ಗೋಡೆಯ ಮೇಲಿನ ಕಪ್ಪು ಹಲಗೆಯಲ್ಲಿ ಪ್ರತಿ ಬಿಯರ್‌ನ ಹೆಸರಿನ ಮುಂದೆ ಎರಡು ಸಂಖ್ಯೆಗಳಿರುತ್ತವೆ. ಒಂದು ಕಹಿಯ ಪ್ರಮಾಣ, ಇನ್ನೊಂದು ಆಲ್ಕೋಹಾಲ್‌ನ ಪ್ರಮಾಣ. ಮೊದಲನೆಯದು ರುಚಿಯ ವಿಷಯ, ಅದನ್ನು ಬಿಡಿ. ಈ ಲೇಖನ ಎರಡನೆಯ ಸಂಖ್ಯೆಯ ಕುರಿತದ್ದು.

ಕಳೆದ ಸಲ ಊರಿಗೆ ಹೋದಾಗ ಬಿಯರ್ ಬೆಲೆ ಏರಿಕೆಯ ಸುದ್ದಿಯನ್ನು ಪೇಪರಿನಲ್ಲಿ ನೋಡಿ ನಾನು ಏನೋ ಗೊಣಗಿದೆ. ನಮ್ಮದು ಹಾವೇರಿ ಜಿಲ್ಲೆಯ ಹಿರೇಕೆರೂರಿನ ಹತ್ತಿರದ ಹಳ್ಳಿ. ಒಲೆಯ ಮುಂದಿದ್ದ ಅವ್ವ ತಿರುಗಿ ನೋಡಿ, ‘ನೀನೂ ಕುಡ್ಯಾಕ ಹತ್ತಿಯೇನ?’ ಎಂದಳು. ‘ತಿಂಗಳಿಗೊಮ್ಮೆ ಅಷ್ಟ, ಅದೂ ಬಿಯರ್’ ಎಂದೆ. ‘ನಿಮ್ಮ ಕಾಕಾನೂ ಹಂಗ ಅಂತಿದ್ದ’ ಎಂದು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಕಾಕಾ ನನಗೆ ಸೈಕಲ್ ಕಲಿಸಿದವನು. ಪ್ಯಾಕೆಟ್ ಸಾರಾಯಿ ಇದ್ದ ಕಾಲದಲ್ಲಿ ಅದನ್ನು ಕುಡಿಯುತ್ತಿದ್ದ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಮನೆಯಲ್ಲಿ ಎಲ್ಲರೂ ಸಮಾಧಾನಪಟ್ಟೆವು. ಕಾಕಾ ಕಡಿಮೆ ಬೆಲೆಯ ವಿಸ್ಕಿಗೆ ಬದಲಾದ. ಏಳು ವರ್ಷಗಳ ನಂತರ, ನಲವತ್ತಾರನೇ ವಯಸ್ಸಿನಲ್ಲಿ, ಯಕೃತ್ತು ಕೆಟ್ಟು ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಹೀಗಾಗಿ ‘ಕ್ರಾಫ್ಟ್ ಬಿಯರ್ ಬೇರೆಯದೇ ಸಂಸ್ಕೃತಿ’ ಎಂದು ಅವ್ವನಿಗೆ ಹೇಳುವ ಧೈರ್ಯ ನನಗಿಲ್ಲ. ಎಥನಾಲ್ ಎಲ್ಲಿದ್ದರೂ ಎಥನಾಲೇ. ಆರೋಗ್ಯದ ದೃಷ್ಟಿಯಿಂದ ಮದ್ಯಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ‘ಎಲ್ಲಾ ಒಂದ’ ಎಂಬ ಅವ್ವನ ಮಾತು ಪ್ರಮಾಣದ ವಿಷಯಕ್ಕೆ ಬಂದಾಗ ಸರಿಹೊಂದುವುದಿಲ್ಲ. ಅವ್ವ ಹಾಗೆ ಹೇಳಿದರೆ ಅರ್ಥವಾಗುತ್ತದೆ. ಸರ್ಕಾರದ ತೆರಿಗೆ ಪದ್ಧತಿಯೂ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಂಡರೆ?

ಅಂದು ರಾತ್ರಿ ಕ್ಯಾಲೆಂಡರ್‌ನ ಹಿಂಬದಿಯಲ್ಲಿ ಒಂದು ಲೆಕ್ಕ ಹಾಕಿದೆ. ಶೇ 5ರಷ್ಟು ಆಲ್ಕೋಹಾಲ್ ಇರುವ 650 ಮಿ.ಲೀ. ಬಿಯರ್ ಬಾಟಲಿಯಲ್ಲಿ ಶುದ್ಧ ಆಲ್ಕೋಹಾಲ್ 32.5 ಮಿ.ಲೀ. ಇರುತ್ತದೆ. ಶೇ 8ರ ಸ್ಟ್ರಾಂಗ್ ಬಿಯರ್ ಆದರೆ ಅದೇ ಬಾಟಲಿಯಲ್ಲಿ 52 ಮಿ.ಲೀ. ನಮ್ಮಲ್ಲಿ ವಿಸ್ಕಿ, ಬ್ರಾಂದಿ, ರಮ್‌ಗಳು ಸಾಮಾನ್ಯವಾಗಿ ಶೇ 42.8ರ ಪ್ರಬಲತೆಯಲ್ಲಿ ಬರುತ್ತವೆ. ಹಾಗಾಗಿ ಅಂಗೈಯಲ್ಲಿ ಮುಚ್ಚಿಡಬಹುದಾದ 90 ಮಿ.ಲೀ. ಟೆಟ್ರಾ ಪ್ಯಾಕ್‌ನಲ್ಲಿ 38.5 ಮಿ.ಲೀ., ಒಂದು ಕ್ವಾರ್ಟರ್‌ನಲ್ಲಿ 77 ಮಿ.ಲೀ. ಅಂದರೆ ಅಗ್ಗದ ವಿಸ್ಕಿಯ ಒಂದು ಪುಟ್ಟ ಪ್ಯಾಕ್‌ನಲ್ಲಿ ಒಂದು ದೊಡ್ಡ ಬಾಟಲಿ ಮೈಲ್ಡ್ ಬಿಯರ್‌ಗಿಂತ ಹೆಚ್ಚು ಆಲ್ಕೋಹಾಲ್ ಇದೆ. ಬೆಲೆ ಮಾತ್ರ ಬಿಯರ್‌ನ ಅರ್ಧಕ್ಕಿಂತ ಕಡಿಮೆ ಇತ್ತು. ಬಾಣೇರ್‌ನಲ್ಲಿ ನನ್ನ ಮುಂದಿನ ಆರು ಲೋಟಗಳನ್ನು ಒಟ್ಟು ಸೇರಿಸಿದರೂ ಸುಮಾರು 30 ಮಿ.ಲೀ. ಆಗುತ್ತದೆ. ಕಾಕಾ ಸಂಜೆ ಗೂಡಂಗಡಿಯ ಹಿಂದೆ ನಿಂತು ಐದು ನಿಮಿಷದಲ್ಲಿ ಅದರ ಎರಡೂವರೆ ಪಟ್ಟು ಮುಗಿಸುತ್ತಿದ್ದ.

ಈ ಬೆಲೆಯ ಹಿಂದೆ ತೆರಿಗೆ ಪದ್ಧತಿ ಇದೆ. ಕರ್ನಾಟಕದಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರ ಜುಲೈನಲ್ಲಿ ಶೇ 175ರಿಂದ 185ಕ್ಕೆ, 2025ರ ಜನವರಿಯಲ್ಲಿ ಶೇ 195ಕ್ಕೆ ಏರಿತು. ಅದೇ ವರ್ಷದ ಮೇ ತಿಂಗಳಲ್ಲಿ ಮತ್ತೊಮ್ಮೆ ಹೆಚ್ಚಿತು. ಆಗ ಇದು ಮುಖ್ಯವಾಗಿ ಬೆಲೆಯ ಶೇಕಡಾವಾರು ಲೆಕ್ಕದ ಸುಂಕವಾಗಿತ್ತು. ಒಳ್ಳೆಯ ಮಾಲ್ಟ್, ಆಮದು ಮಾಡಿದ ಹಾಪ್ಸ್ ಬಳಸಿ, ಸಣ್ಣ ಪ್ರಮಾಣದಲ್ಲಿ ತಯಾರಿಸಿದ ಬಿಯರ್‌ನ ಉತ್ಪಾದನಾ ವೆಚ್ಚ ಹೆಚ್ಚು. ವೆಚ್ಚ ಹೆಚ್ಚಿದಂತೆ ತೆರಿಗೆಯೂ ಹೆಚ್ಚು, ಅದರಲ್ಲಿ ಅಮಲು ಕಡಿಮೆಯಿದ್ದರೂ ಸಹ. 2025ರ ಜನವರಿಯ ಬದಲಾವಣೆಯಲ್ಲಿ ಶೇ 5ರೊಳಗಿನ ಮತ್ತು ಶೇ 5ರಿಂದ 8ರವರೆಗಿನ ಬಿಯರ್‌ಗಳಿಗೆ ಮೂಲ ಸುಂಕವನ್ನು ಬೇರೆ ಬೇರೆ ಮಾಡಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಆ ವ್ಯತ್ಯಾಸ ಲೀಟರಿಗೆ ಕೆಲವೇ ರೂಪಾಯಿಗಳದ್ದು. ಅದರ ಮೇಲೆ ಬೀಳುವ ಶೇಕಡಾವಾರು ಸುಂಕದ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು 2025ರಲ್ಲಿ ವಿಸ್ಕಿ, ಬ್ರಾಂದಿಯ ಸುಂಕ ನಿಂತಿದ್ದದ್ದು ಘೋಷಿತ ಬೆಲೆಯ ಸ್ಲ್ಯಾಬ್‌ಗಳ ಮೇಲೆ. 2024ರಲ್ಲಿ ಈ ಸ್ಲ್ಯಾಬ್‌ಗಳನ್ನು 18ರಿಂದ 16ಕ್ಕೆ ಇಳಿಸಿದರು, ತತ್ವ ಬದಲಾಗಲಿಲ್ಲ. ತಳಮಟ್ಟದ ಸ್ಲ್ಯಾಬ್‌ನ ವಿಸ್ಕಿಯಲ್ಲೂ ತುದಿಯ ಸ್ಲ್ಯಾಬ್‌ನ ವಿಸ್ಕಿಯಲ್ಲೂ ಆಲ್ಕೋಹಾಲ್ ಅಷ್ಟೇ ಇರುತ್ತದೆ. ಕಡಿಮೆ ತೆರಿಗೆ ಬೀಳುತ್ತಿದ್ದದ್ದು ಮಾತ್ರ ಅತಿ ಹೆಚ್ಚು ಕುಡಿಯಲು ಸಾಧ್ಯವಾಗುವ ಅಗ್ಗದ ಮದ್ಯದ ಮೇಲೆ.

ಸರ್ಕಾರದ ಕಡೆಯ ವಾದವನ್ನೂ ಕೇಳಬೇಕು. 2025–26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಕುಡಿಯುವ ಮದ್ಯ ಜಿಎಸ್‌ಟಿಯಿಂದ ಹೊರಗಿದೆ. ರಾಜ್ಯಗಳು ತಮ್ಮಿಷ್ಟದಂತೆ ಏರಿಳಿಸಬಹುದಾದ ತೆರಿಗೆಗಳು ಬೆರಳೆಣಿಕೆಯಷ್ಟೇ ಉಳಿದಿರುವಾಗ ಯಾವ ಹಣಕಾಸು ಸಚಿವರೂ ಇದನ್ನು ಬಿಟ್ಟುಕೊಡಲಾರರು. ಎರಡನೆಯದು ಇನ್ನೂ ಗಂಭೀರ: ಅಗ್ಗದ ಮದ್ಯವನ್ನು ಒಮ್ಮೆಗೇ ತುಟ್ಟಿ ಮಾಡಿದರೆ ಜನ ಕಳ್ಳಭಟ್ಟಿಗೆ ಹೋಗುತ್ತಾರೆ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಮಂದಿ, 2015ರಲ್ಲಿ ಮುಂಬೈನ ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು, 2024ರಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತದ್ದು ವಿಷಮದ್ಯದಿಂದ. ಈ ಎಚ್ಚರಿಕೆ ನ್ಯಾಯವಾದದ್ದು. ಆದರೆ ಅದರಿಂದ ಕಡಿಮೆ ಅಮಲಿನ ಪಾನೀಯವನ್ನು ತುಟ್ಟಿ ಮಾಡಬೇಕು ಎಂಬ ತೀರ್ಮಾನ ಹೊರಡುವುದಿಲ್ಲ. ಅಗ್ಗದ ವಿಸ್ಕಿಯ ಬೆಲೆಯನ್ನು ಮುಟ್ಟದೆಯೂ ಮೈಲ್ಡ್ ಬಿಯರ್‌ನ ಸುಂಕವನ್ನು ಇಳಿಸಬಹುದು.

ನಾನಿರುವ ಮಹಾರಾಷ್ಟ್ರ 2025ರ ಜೂನ್‌ನಲ್ಲಿ ವಿಸ್ಕಿ, ಬ್ರಾಂದಿಯ ಸುಂಕವನ್ನು ಉತ್ಪಾದನಾ ವೆಚ್ಚದ ಮೂರು ಪಟ್ಟಿನಿಂದ ನಾಲ್ಕೂವರೆ ಪಟ್ಟಿಗೆ ಏರಿಸಿತು. ಬಿಯರ್, ವೈನ್‌ಗಳನ್ನು ಮುಟ್ಟಲಿಲ್ಲ. ಕರ್ನಾಟಕ ಬಿಯರ್‌ಗೆ ಕೈ ಹಾಕಿದ ವರ್ಷವೇ ನೆರೆರಾಜ್ಯ ಅದನ್ನು ಬಿಟ್ಟಿತು. ಆದರೆ ಇಲ್ಲಿಯೂ ಉದ್ದೇಶ ಬೊಕ್ಕಸ ತುಂಬುವುದೇ. ಅಮಲನ್ನು ಅಳೆದು ತೆರಿಗೆ ಹಾಕುವ ಯೋಚನೆಗೆ ನೋಡಬೇಕಾದದ್ದು ಬ್ರಿಟನ್ನನ್ನು. ಅಲ್ಲಿ 2023ರ ಆಗಸ್ಟ್ 1ರಿಂದ ಎಲ್ಲ ಮದ್ಯಕ್ಕೂ ಅದರಲ್ಲಿರುವ ಆಲ್ಕೋಹಾಲ್‌ನ ಪ್ರಮಾಣದ ಮೇಲೆ ಸುಂಕ. ಶೇ 3.5ಕ್ಕಿಂತ ಕಡಿಮೆ ಇದ್ದರೆ ದರ ಬಹಳ ಕಡಿಮೆ. ಪರಿಣಾಮವಾಗಿ ಹಲವು ಕಂಪನಿಗಳು ತಮ್ಮ ಬಿಯರ್‌ನ ಪ್ರಬಲತೆಯನ್ನೇ ಶೇ 3.4ಕ್ಕೆ ಇಳಿಸಿದವು. ಯಾರಿಗೂ ಉಪದೇಶ ಮಾಡದೆ, ಏನನ್ನೂ ನಿಷೇಧಿಸದೆ, ಜನರ ಲೋಟದಲ್ಲಿನ ಆಲ್ಕೋಹಾಲ್ ಸ್ವಲ್ಪ ಕಡಿಮೆಯಾಯಿತು.

ನಮ್ಮಲ್ಲಿ ಕಾನೂನಿನ ಕಣ್ಣು ಬಾಟಲಿಯ ಒಳಗಿರುವುದಕ್ಕಿಂತ ಹೊರಗಿನ ಚೀಟಿಯ ಮೇಲೆಯೇ ಹೆಚ್ಚು. ಬಿರಾ 91 ತಯಾರಿಸುವ ಕಂಪನಿ ಷೇರು ಮಾರುಕಟ್ಟೆಗೆ ಹೋಗುವ ಸಿದ್ಧತೆಯಲ್ಲಿ ತನ್ನ ಹೆಸರಿನಿಂದ ‘ಪ್ರೈವೇಟ್’ ಎಂಬ ಪದವನ್ನು ತೆಗೆದದ್ದಕ್ಕೆ ರಾಜ್ಯ ರಾಜ್ಯಗಳಲ್ಲಿ ಲೇಬಲ್‌ಗಳನ್ನು ಹೊಸದಾಗಿ ನೋಂದಾಯಿಸಬೇಕಾಯಿತು. ತಿಂಗಳುಗಟ್ಟಲೆ ಮಾರಾಟ ನಿಂತು, ಕೋಟ್ಯಂತರ ರೂಪಾಯಿಯ ದಾಸ್ತಾನು ವ್ಯರ್ಥವಾಯಿತು. ಒಳಗಿನ ಬಿಯರ್ ಒಂದು ಹನಿಯೂ ಬದಲಾಗಿರಲಿಲ್ಲ.

ಅಮಲಿನ ಲೆಕ್ಕ ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಎಂಟು ವರ್ಷಗಳ ಹಿಂದೆ ಕಂಪನಿಯ ಕೆಲಸಕ್ಕೆ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಎಂಟು ತಿಂಗಳಿದ್ದೆ. ಅಲ್ಲಿನ ಸಹೋದ್ಯೋಗಿಯೊಬ್ಬ ಭಾನುವಾರಗಳಂದು ಮನೆಯ ಗ್ಯಾರೇಜಿನಲ್ಲಿ ಬಿಯರ್ ತಯಾರಿಸುತ್ತಿದ್ದ, ನಾನು ಜೊತೆಗಾರನಾದೆ. ಪುಡಿ ಮಾಡಿದ ಮಾಲ್ಟನ್ನು 66 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ನೆನೆಹಾಕಬೇಕು. ಸೋಸಿದ ಸಿಹಿ ನೀರನ್ನು ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಬೇಕು. ಬೇಗ ಆರಿಸಿ, ಯೀಸ್ಟ್ ಸೇರಿಸಿ, 20 ಡಿಗ್ರಿಯ ಆಸುಪಾಸಿನಲ್ಲಿ ಎರಡು ವಾರ ಮುಚ್ಚಿಡಬೇಕು. ಉಳಿದದ್ದೆಲ್ಲ ಪಾತ್ರೆ ತೊಳೆಯುವ ಕೆಲಸ. ದೋಸೆ ಹಿಟ್ಟು ಹುದುಗುವುದನ್ನು ನೋಡಿ ಬೆಳೆದವರಿಗೆ ಇದರಲ್ಲಿ ಮಾಯೆಯೇನೂ ಕಾಣುವುದಿಲ್ಲ. ಒಮ್ಮೆ ಹುದುಗುವಿಕೆ ಮುಗಿಯುವ ಮೊದಲೇ ನಾನು ಅವಸರದಿಂದ ಬಾಟಲಿ ತುಂಬಿಸಿದ್ದೆ. ಮೂರನೇ ದಿನ ರಾತ್ರಿ ಒಂದರ ಹಿಂದೊಂದು ಬಾಟಲಿಗಳು ಸಿಡಿದವು.

ಆಗ ಅವನು ನನಗೊಂದು ಹೈಡ್ರೋಮೀಟರ್ ಕೊಟ್ಟ. ದ್ರವದ ಸಾಂದ್ರತೆ ಅಳೆಯುವ ಗಾಜಿನ ಕೊಳವೆ ಅದು. ಆರಂಭದಲ್ಲಿ 1.050, ಕೊನೆಯಲ್ಲಿ 1.010 ತೋರಿಸಿದರೆ ಸಕ್ಕರೆ ಎಷ್ಟು ಕರಗಿ ಆಲ್ಕೋಹಾಲ್ ಆಗಿದೆ ಎಂದು ಗೊತ್ತಾಗುತ್ತದೆ. ವ್ಯತ್ಯಾಸವನ್ನು 131 ರಿಂದ ಗುಣಿಸಿದರೆ ಸುಮಾರು ಶೇ 5.2. ಅಲ್ಲಿಯವರೆಗೆ ನಾನು ‘ಎರಡು ಗ್ಲಾಸ್’, ‘ಮೂರು ಗ್ಲಾಸ್’ ಎಂದು ಎಣಿಸುತ್ತಿದ್ದೆ. ಕೈಯಾರೆ ಅಳೆದ ಮೇಲೆ ಎಣಿಕೆ ಬದಲಾಯಿತು, ಕುಡಿಯುವುದೂ ಕಡಿಮೆಯಾಯಿತು.

ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ತಯಾರಿಕೆಗೆ ಸುಂಕ ವಿನಾಯಿತಿ ಕೊಟ್ಟ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ನ ಮಿತಿ, ಮಾರುವಂತಿಲ್ಲ. ಬ್ರಿಟನ್ ಮನೆ ಬಿಯರ್‌ಗೆ ಪರವಾನಗಿಯ ಅಗತ್ಯವನ್ನು 1963ರಲ್ಲೇ ತೆಗೆದುಹಾಕಿತ್ತು. ನಾನು ಪುಣೆಗೆ ಮರಳಿ ವಕೀಲ ಮಿತ್ರನನ್ನು ಕೇಳಿದಾಗ ಅವನು ನಕ್ಕ. ಮಹಾರಾಷ್ಟ್ರದ 1949ರ ಪಾನನಿರೋಧ ಕಾಯ್ದೆಯಲ್ಲಾಗಲಿ, ಕರ್ನಾಟಕದ 1965ರ ಅಬಕಾರಿ ಕಾಯ್ದೆಯಲ್ಲಾಗಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಿತ್ತಲಲ್ಲಿ ಕಳ್ಳಭಟ್ಟಿ ಇಳಿಸುವವನಿಗೂ ಅಡುಗೆಮನೆಯಲ್ಲಿ ಇಪ್ಪತ್ತು ಲೀಟರ್ ಬಿಯರ್ ಹುದುಗಿಸುವವನಿಗೂ ವ್ಯತ್ಯಾಸವಿಲ್ಲ. ಬಟ್ಟಿ ಇಳಿಸುವುದು ಬೇರೆ, ಹುದುಗಿಸುವುದು ಬೇರೆ. ವಿಷಮದ್ಯದ ಸಾವುಗಳಿಗೆ ಮುಖ್ಯ ಕಾರಣ ಕೈಗಾರಿಕಾ ಮೆಥನಾಲ್‌ನ ಕಲಬೆರಕೆ, ಹುದುಗಿದ ಧಾನ್ಯವಲ್ಲ. ಸಿಕ್ಕಿಂನಲ್ಲಿ ಚಳಿಗಾಲದ ಸಂಜೆ ಬಿದಿರಿನ ಪಾತ್ರೆಯಲ್ಲಿ ಕೊಡುವ ತೋಂಗ್ಬಾ ನಮ್ಮದೇ ರಾಗಿಯನ್ನು ಹುದುಗಿಸಿದ್ದು. ಅಸ್ಸಾಂನ ದಿಮಾಸಾ ಸಮುದಾಯದ ಅಕ್ಕಿಯ ಪಾನೀಯ ಜುಡಿಮಾಗೆ 2021ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೇ ಸಿಕ್ಕಿದೆ. ನಮ್ಮ ಕೊಡಗಿನಲ್ಲಿ ‘ಹೋಂ ಮೇಡ್ ವೈನ್’ ಫಲಕ ಹಾಕಿದ ಅಂಗಡಿಗಳನ್ನು ನೋಡದ ಪ್ರವಾಸಿಗನಿಲ್ಲ.

ಇಷ್ಟು ಹೇಳಿದ ಮೇಲೂ, ಮನೆ ಬಿಯರ್‌ನ ಅನುಮತಿ ನನ್ನಂಥವರ ಹವ್ಯಾಸದ ಪ್ರಶ್ನೆ, ಅದು ಕಾಯಬಹುದು. ಕಾಯಲಾಗದ್ದು ಬೇರೆ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಹೆಚ್ಚಿನವರು ಕುಡಿಯುವುದು ನಾಟಿ ಮದ್ಯ ಅಥವಾ ವಿಸ್ಕಿ, ಬ್ರಾಂದಿಯಂತಹ ಕಡು ಮದ್ಯ. ಈ ಜನರಿಗೆ ನಮ್ಮ ಬೆಲೆಪಟ್ಟಿ ದಿನವೂ ಒಂದೇ ಮಾತು ಹೇಳುತ್ತಿದೆ: ಕಡಿಮೆ ದುಡ್ಡಿಗೆ ಬೇಗ ಅಮಲೇರಬೇಕೆಂದರೆ ಕಡುವಾದದ್ದನ್ನೇ ಕೊಳ್ಳಿ.

ಮುಂದಿನ ಬಜೆಟ್‌ಗಳಲ್ಲಿ ಮಾಡಬಹುದಾದ ಎರಡು ಕೆಲಸಗಳಿವೆ. ಒಂದು, ಸುಂಕವನ್ನು ಹಂತಹಂತವಾಗಿ ಬೆಲೆಯಿಂದ ಬಿಡಿಸಿ ಆಲ್ಕೋಹಾಲ್‌ನ ಪ್ರಮಾಣಕ್ಕೆ ಕಟ್ಟುವುದು. ಮೊದಲ ಹಂತವಾಗಿ ಶೇ 5ರೊಳಗಿನ ಬಿಯರ್‌ಗೆ ನಿಜವಾಗಿ ಕಾಣುವಷ್ಟು ಕಡಿಮೆ ದರ. ಇನ್ನೊಂದಕ್ಕೆ ಖರ್ಚೇ ಇಲ್ಲ. ಪ್ರತಿ ಬಾಟಲಿ, ಪ್ರತಿ ಟೆಟ್ರಾ ಪ್ಯಾಕ್‌ನ ಮೇಲೆ ಒಳಗಿರುವ ಶುದ್ಧ ಆಲ್ಕೋಹಾಲ್ ಎಷ್ಟು ಮಿಲಿಲೀಟರ್ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಮುದ್ರಿಸುವುದು. ಶೇಕಡಾವಾರು ಎಲ್ಲರಿಗೂ ಅರ್ಥವಾಗುವುದಿಲ್ಲ. 38 ಮತ್ತು 32ರಲ್ಲಿ ಯಾವುದು ದೊಡ್ಡದು ಎಂದು ಯಾರಿಗಾದರೂ ತಿಳಿಯುತ್ತದೆ.

ಮರುದಿನ ಬೆಳಿಗ್ಗೆ ಕ್ಯಾಲೆಂಡರ್ ಹಿಂದಿನ ಲೆಕ್ಕವನ್ನು ಅವ್ವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಇದನ್ನ ನಿಮ್ಮ ಕಾಕಾಗ ಯಾರರ ಹೇಳಿದ್ರೇನ?’ ಎಂದಳು. ಹೇಳಿದ್ದರೆ ಅವನು ಕೇಳುತ್ತಿದ್ದ ಎಂಬ ಖಾತ್ರಿ ನನಗಿಲ್ಲ. ಯಾರೂ ಹೇಳಿರಲಿಲ್ಲ ಎಂಬುದು ಮಾತ್ರ ನಿಜ.