4 ಮೀಟರ್ ಸಾಕಾದ ಕಡೆ 12 ಏಕೆ?

ಕ್ರಾಸ್ ರಸ್ತೆ ಮೇನ್ ರಸ್ತೆಯನ್ನು ಸೇರುವ ಮೂಲೆಯನ್ನು ಆಟೋಕ್ಯಾಡ್‌ನಲ್ಲಿ ಬರೆಯಲು ಅರ್ಧ ನಿಮಿಷವೂ ಬೇಡ. ಫಿಲೆಟ್ ಕಮಾಂಡ್ ಕೊಟ್ಟು, ತ್ರಿಜ್ಯ ಟೈಪ್ ಮಾಡಿ, ಎರಡು ಗೆರೆಗಳ ಮೇಲೆ ಕ್ಲಿಕ್ಕಿಸಿದರೆ ಚೂಪು ಮೂಲೆ ದುಂಡಗಾಗುತ್ತದೆ. ಒಮ್ಮೆ ಕೊಟ್ಟ ತ್ರಿಜ್ಯ ಆ ಡ್ರಾಯಿಂಗ್‌ನಲ್ಲಿ ಹಾಗೆಯೇ ಉಳಿಯುತ್ತದೆ. ಬದಲಿಸದಿದ್ದರೆ ಮುಂದಿನ ಮೂಲೆಗಳಿಗೂ ಅದೇ. ಬಸ್ಸು ತಿರುಗುವ ಸರ್ಕಲ್ಲಿಗೂ ಶಾಲೆ ಪಕ್ಕದ ಕ್ರಾಸಿಗೂ ಒಂದೇ ತಿರುವು ಬೀಳುವುದು ಹೀಗೆ. ನಮ್ಮ ಊರುಗಳ ಮೂಲೆಗಳು ಬೇಕಾದ್ದಕ್ಕಿಂತ ದೊಡ್ಡದಾಗಿರುವ ತಪ್ಪನ್ನೆಲ್ಲ ಸಾಫ್ಟ್‌ವೇರ್ ತಲೆಗೆ ಕಟ್ಟುವಂತಿಲ್ಲ, ನಿಜ. ಆದರೆ ತ್ರಿಜ್ಯವೆಂದರೆ ಎರಡು ಗೆರೆ ಕೂಡಿಸುವ ಅಂಕಿ ಅಷ್ಟೇ ಎಂಬ ಅಭ್ಯಾಸವನ್ನು ಅದು ಗಟ್ಟಿ ಮಾಡಿದೆ. ವಾಹನ ಎಷ್ಟು ಜೋರಾಗಿ ತಿರುಗಬೇಕು, ನಡೆಯುವವರು ಎಷ್ಟು ದೂರ ದಾಟಬೇಕು ಎಂಬೆರಡನ್ನೂ ತೀರ್ಮಾನಿಸುವುದು ಇದೇ ಅಂಕಿ.

ಲೆಕ್ಕ ಹಾಕಿಯೇ ನೋಡೋಣ. ಕ್ರಾಸ್ ರಸ್ತೆಯ ಅಗಲ 7 ಮೀಟರ್. ಮೇನ್ ರಸ್ತೆಯ ಫುಟ್‌ಪಾತ್ ಮೇಲೆ, ಅಂಚುಕಲ್ಲಿನಿಂದ 2 ಮೀಟರ್ ಒಳಗೆ ಬರುತ್ತಿರುವವರು ನೇರವಾಗಿ ಆ ಕ್ರಾಸನ್ನು ದಾಟಬೇಕು. ಎರಡೂ ಮೂಲೆಗಳ ತ್ರಿಜ್ಯ 4 ಮೀಟರ್ ಇದ್ದರೆ ದಾಟಬೇಕಾದ ದೂರ ಸುಮಾರು 8 ಮೀಟರ್. ತ್ರಿಜ್ಯ 12 ಆಯಿತೆಂದರೆ ಅದು ಹೆಚ್ಚುಕಡಿಮೆ 18 ಮೀಟರ್! ಸೆಕೆಂಡಿಗೆ 1.2 ಮೀಟರ್ ನಡಿಗೆಯಂತೆ 7 ಸೆಕೆಂಡಿನ ದಾಟು 15 ಸೆಕೆಂಡಿಗೆ ಏರಿತು. ಮಂಡಿನೋವಿನವರಿಗೆ, ಮಗುವನ್ನೆತ್ತಿಕೊಂಡವರಿಗೆ ಇನ್ನೂ ಹೆಚ್ಚು. ಅತ್ತ ವಾಹನಕ್ಕೆ ಇದರ ಲಾಭ ಉಲ್ಟಾ. ತ್ರಿಜ್ಯ ನಾಲ್ಕು ಪಟ್ಟಾದರೆ ಅದೇ ಹಿಡಿತದಲ್ಲಿ ತಿರುಗಬಹುದಾದ ವೇಗ ಎರಡು ಪಟ್ಟಾಗುತ್ತದೆ. ರಸ್ತೆ ಎಂಜಿನಿಯರುಗಳ ಮಾಮೂಲಿ ಸೂತ್ರಕ್ಕೆ ಪಾರ್ಶ್ವ ಘರ್ಷಣೆ 0.15 ಎಂದು ಹಾಕಿದರೆ 4 ಮೀಟರಿಗೆ ಗಂಟೆಗೆ 9 ಕಿ.ಮೀ. ಕೂಡ ದಾಟುವುದಿಲ್ಲ, 12 ಮೀಟರಿಗೆ 15 ಕಿ.ಮೀ. ಬರುತ್ತದೆ. ಅಸಲಿ ರಸ್ತೆಯಲ್ಲಿ ಯಾರೂ ಅಷ್ಟಕ್ಕೆ ನಿಲ್ಲುವುದಿಲ್ಲ ಎಂಬುದು ಬೇರೆ ಮಾತು; ಫ್ರೀ ಲೆಫ್ಟ್ ಬೋರ್ಡಿದ್ದರಂತೂ ಮುಗಿಯಿತು.

ಬಸ್ಸು, ಅಗ್ನಿಶಾಮಕ ವಾಹನ ತಿರುಗುವುದು ಹೇಗೆ ಎಂಬ ಆಕ್ಷೇಪ ಖಂಡಿತ ಬರುತ್ತದೆ, ಬರಲೂಬೇಕು. ದೊಡ್ಡ ಬಸ್ಸಿಗೆ ಸುಮಾರು 12 ಮೀಟರ್ ತ್ರಿಜ್ಯ ಬೇಕೆನ್ನುವುದು ಅದರ ಹೊರಬದಿಯ ಮುಂಚಕ್ರದ ಲೆಕ್ಕ. ಅದನ್ನು ಒಳಬದಿಯ ಅಂಚುಕಲ್ಲಿಗೆ ತಂದು ಅಂಟಿಸುವಲ್ಲೇ ಎಡವಟ್ಟು. ಪಾರ್ಕಿಂಗ್‌ಗೆ ಬಿಟ್ಟ ಜಾಗವೋ ಇನ್ನೊಂದು ಲೇನೋ ಇದ್ದರೆ ವಾಹನ ಅಂಚುಕಲ್ಲಿಗಿಂತ ಎಷ್ಟೋ ಅಗಲವಾದ ಬಳಸಿನಲ್ಲೇ ತಿರುಗುತ್ತದೆ. ಆಟೋಟರ್ನ್‌ನಂಥ ಸಾಫ್ಟ್‌ವೇರ್ ಇರುವುದೇ ಚಕ್ರ ಎಲ್ಲೆಲ್ಲಿ ಹಾಯುತ್ತದೆಂದು ಬರೆದು ತೋರಿಸಲು. ಬಡಾವಣೆಯ ಕ್ರಾಸಿಗೆ ದಿನವೂ ಬರುವುದು ಕಸದ ಗಾಡಿ, ಸಿಲಿಂಡರ್ ಗಾಡಿ. ಎಂದೋ ಬರುವ ಅಗ್ನಿಶಾಮಕ ವಾಹನ ಎದುರು ಬದಿಯನ್ನೂ ಬಳಸಿಕೊಂಡರೆ ನಷ್ಟವೇನಿಲ್ಲ. ಬಸ್ ಮಾರ್ಗಗಳಲ್ಲಿ, ಹೆದ್ದಾರಿ ಕೂಡುವಲ್ಲಿ ದೊಡ್ಡ ತಿರುವು ಇರಲಿ, ತಕರಾರಿಲ್ಲ. ನಿಧಾನಕ್ಕೆ ತಿರುಗಿದರೆ ಹಿಂದೆ ಜಾಮ್ ಆಗುತ್ತದೆ ಎನ್ನುವವರೂ ಇದ್ದಾರೆ. ಸ್ವಲ್ಪ ಆಗಬಹುದು. ಆದರೆ ದಾಟುವ ದೂರ ಕುಗ್ಗಿದರೆ ಸಿಗ್ನಲ್‌ನಲ್ಲಿ ಪಾದಚಾರಿಗಳಿಗೆ ಮೀಸಲಿಡುವ ಸೆಕೆಂಡುಗಳೂ ಕುಗ್ಗುತ್ತವೆ. ಆ ಉಳಿತಾಯ ವಾಹನಗಳಿಗೇ.

ಇದೇ ಮೂಲೆಯ 3ಡಿ ಚಿತ್ರ ಬರೆಯುವ ಸ್ಕೆಚ್‌ಅಪ್‌ನಲ್ಲಿ ತಾನಾಗಿ ಬರುವ ಕಂಸ 12 ನೇರ ತುಂಡುಗಳ ಸರಣಿ. ತ್ರಿಜ್ಯ ದೊಡ್ಡದಾದಂತೆ ಮೊಂಡುಮೊಂಡಾಗಿ ಕಾಣುತ್ತದೆಂದು ತುಂಡುಗಳನ್ನು ಹೆಚ್ಚಿಸಿ ನಯ ಮಾಡುತ್ತಾರೆ. ಚಿತ್ರಕ್ಕೆ ಕೊಡುವ ಈ ಗಮನ ದಾಟುವ ದೂರಕ್ಕೂ ಸಿಗಲಿ. ಟೆಂಡರ್ ಡ್ರಾಯಿಂಗ್‌ನ ಪ್ರತಿ ಮೂಲೆಯಲ್ಲೂ ತ್ರಿಜ್ಯದ ಪಕ್ಕ ದಾಟುವ ದೂರವನ್ನೂ, ಯಾವ ವಾಹನ ಇಟ್ಟು ತಿರುವು ಪರೀಕ್ಷಿಸಲಾಯಿತು ಎಂಬುದನ್ನೂ ಬರೆಯುವುದು ಕಡ್ಡಾಯವಾಗಬೇಕು. ವೈಟ್‌ಟಾಪಿಂಗ್‌ಗೆಂದು ಅಂಚುಕಲ್ಲು ಕಿತ್ತು ಹೊಸದಾಗಿ ಕೂರಿಸುವ ಬೆಂಗಳೂರಿನ ರಸ್ತೆಗಳಲ್ಲಿ ಇದಕ್ಕೆ ಬೇರೆ ಕಾಮಗಾರಿಯೂ ಬೇಕಿಲ್ಲ.