ಮೊಮ್ಮಗ ಮಸ್ಕತ್‌ಗೆ, ಕಾರ್ಡು ಅಜ್ಜಿಗೆ?

ನಮ್ಮ ಹೆಮ್ಮಿಗೆಯ ಅಜ್ಜಿಯೊಬ್ಬರ ಮೊಮ್ಮಗ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಒಮಾನ್ ದೇಶದ ಮಸ್ಕತ್‌ಗೆ ಹೊರಟಿದ್ದಾನೆ. ಹೋಗುವ ಮುಂಚೆ ತನ್ನ ಎ.ಟಿ.ಎಂ. ಕಾರ್ಡನ್ನು ಅಜ್ಜಿಯ ಕೈಗಿಟ್ಟು, ಗುಟ್ಟಿನ ನಾಲ್ಕು ಅಂಕಿಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿದ್ದಾನೆ. ‘ತಿಂಗಳು ತಿಂಗಳು ದುಡ್ಡು ಬೀಳುತ್ತೆ, ತಗೊಳ್ಳಜ್ಜಿ’ ಎಂದನಂತೆ. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಅಣ್ಣಾ, ಇದು ಸರಿಯಾ?’

ಸರಿಯಲ್ಲ. ಏಕೆಂದು ನೋಡೋಣ ಬನ್ನಿ, ಮಕ್ಕಳೇ. ತಾತ ಅಜ್ಜಿಯರೂ ಕನ್ನಡಕ ಹಾಕಿಕೊಂಡು ಜೊತೆಗೆ ಕೂರಲಿ.

ಸಾಮಾನ್ಯ ಉಳಿತಾಯ ಖಾತೆ ಇರುವುದು ಭಾರತದಲ್ಲಿ ವಾಸಿಸುವವರಿಗೆ. ಕೆಲಸಕ್ಕೆಂದು ವಿದೇಶಕ್ಕೆ ಹೊರಟವನು, 1999ರ ಫೆಮಾ ಕಾಯ್ದೆಯ ಪ್ರಕಾರ, ಅನಿವಾಸಿ. ಅದನ್ನು ಅವನೇ ಬ್ಯಾಂಕಿಗೆ ತಿಳಿಸಬೇಕು. ತಿಳಿಸಿದರೆ ಖಾತೆ ಮುಚ್ಚಿಬಿಡುತ್ತಾರೆ ಎಂಬ ಹೆದರಿಕೆ ನಮ್ಮ ಕಡೆ ಬಹಳ ಮಂದಿಗೆ ಇದೆ. ಹಾಗೇನೂ ಇಲ್ಲ. ಅದೇ ಖಾತೆ ‘ಎನ್‌ಆರ್‌ಓ’ ಎಂಬ ಹೆಸರಿಗೆ ಬದಲಾಗುತ್ತದೆ, ಅಷ್ಟೆ. ಇದರ ಜೊತೆಗೆ ‘ಎನ್‌ಆರ್‌ಇ’ ಎಂಬ ಇನ್ನೊಂದು ಖಾತೆಯನ್ನೂ ಅವನು ತೆರೆಯಬಹುದು.

ಎರಡು ಕಣಜ ಎಂದುಕೊಳ್ಳಿ. ಇಲ್ಲಿನ ಗದ್ದೆಯ ಭತ್ತದ ದುಡ್ಡು, ಮನೆ ಬಾಡಿಗೆ ಇವೆಲ್ಲ ಎನ್‌ಆರ್‌ಓ ಕಣಜಕ್ಕೆ. ಅಲ್ಲಿನ ಸಂಬಳ ಎನ್‌ಆರ್‌ಇ ಕಣಜಕ್ಕೆ. ಎನ್‌ಆರ್‌ಇ ಬಡ್ಡಿಗೆ ನಮ್ಮ ದೇಶದಲ್ಲಿ ಆದಾಯ ತೆರಿಗೆ ಇಲ್ಲ. ಆ ಹಣವನ್ನು ಬೇಕೆಂದಾಗ ಮಿತಿಯಿಲ್ಲದೆ ವಾಪಸು ಒಯ್ಯಬಹುದು. ಎನ್‌ಆರ್‌ಓ ಬಡ್ಡಿಗಾದರೆ ಶೇಕಡ 30ರ ಮೇಲೆ ತೆರಿಗೆ ಮೊದಲೇ ಮುರಿದುಕೊಳ್ಳುತ್ತಾರೆ. ಅಲ್ಲಿಂದ ಹಣ ಹೊರಗೆ ಒಯ್ಯಲು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ. (ಈ ಮಿತಿ ನಮ್ಮ ಬೀದಿಯವರನ್ನು ಕಾಡಲಾರದು!) ಇಲ್ಲಿ ಭತ್ತ ಮಾರಿದ ನೋಟುಗಳನ್ನು ಅಜ್ಜಿ ಎನ್‌ಆರ್‌ಇ ಖಾತೆಗೆ ಕಟ್ಟುವಂತಿಲ್ಲ, ಅದು ನೆನಪಿರಲಿ.

ಇನ್ನು ಆ ಕಾರ್ಡಿನ ವಿಷಯ. ಕಾರ್ಡು ಕೈಯಲ್ಲಿದ್ದ ಮಾತ್ರಕ್ಕೆ ಅಜ್ಜಿಗೆ ಅಧಿಕಾರ ಬಂದಂತಾಗಲಿಲ್ಲ. ಕಾರ್ಡು ಯಂತ್ರದೊಳಗೆ ಸಿಕ್ಕಿಕೊಂಡರೆ ‘ನನ್ನದು, ಕೊಡಿ’ ಎನ್ನಲು ಅವರಿಂದ ಆಗದು. ಮೂರನೆಯವರು ಹಣ ಎತ್ತಿದರೆ, ಗುಟ್ಟಿನ ಸಂಖ್ಯೆ ಕ್ಯಾಲೆಂಡರಿನ ಮೇಲಿತ್ತು ಎಂದ ಮೇಲೆ ಬ್ಯಾಂಕಿನವರೂ ಕೈಚೆಲ್ಲುತ್ತಾರೆ. ಇಲ್ಲಿನ ಸಿಮ್ಮಿಗೆ ರೀಚಾರ್ಜು ಮಾಡದೆ ಬಿಟ್ಟರೆ ಸ್ವಲ್ಪ ದಿನಕ್ಕೆ ಆ ನಂಬರೇ ಹೋಗುತ್ತದೆ. ಓಟಿಪಿ ಬರುವುದು ಅದೇ ನಂಬರಿಗೆ.

ಇದಕ್ಕಿಂತ ನೇರವಾದ ದಾರಿ ಇದೆ. ಅಜ್ಜಿಗೆ ಅವರದೇ ಹೆಸರಿನ ಉಳಿತಾಯ ಖಾತೆ ಇರಲಿ. ಮೊಮ್ಮಗ ಅದಕ್ಕೇ ಕಳಿಸಲಿ. ಮೊಮ್ಮಗ ಅಜ್ಜಿಗೆ ಕೊಟ್ಟ ಹಣ ಹತ್ತಿರದ ಸಂಬಂಧಿ ಕೊಟ್ಟ ಉಡುಗೊರೆಯ ಲೆಕ್ಕ, ಅಜ್ಜಿ ಅದಕ್ಕೆ ತೆರಿಗೆ ಕಟ್ಟಬೇಕಾಗಿಲ್ಲ. ಅವನ ಖಾತೆಯಿಂದಲೇ ತೆಗೆಯಬೇಕೆಂದರೆ ಹೋಗುವ ಮೊದಲೇ ಬ್ಯಾಂಕಿನಲ್ಲಿ ಅಧಿಕಾರಪತ್ರ ಬರೆದುಕೊಡಲಿ. ಎನ್‌ಆರ್‌ಇ ಖಾತೆಗೆ ಇಲ್ಲಿರುವ ಹತ್ತಿರದ ಸಂಬಂಧಿಯನ್ನು ಜಂಟಿಯಾಗಿ ಸೇರಿಸಿಕೊಳ್ಳಲೂ ಬರುತ್ತದೆ. ಅದಕ್ಕೆ ಕಂಪನಿ ಕಾಯ್ದೆಯ ಪಟ್ಟಿ ನೋಡುತ್ತಾರೆ. ಅದರಲ್ಲಿ ತಂದೆ, ತಾಯಿ, ಗಂಡ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಸೊಸೆ, ಅಳಿಯ ಎಲ್ಲರೂ ಇದ್ದಾರೆ; ತಾತ ಅಜ್ಜಿಯ ಹೆಸರು ಮಾತ್ರ ನೇರವಾಗಿ ಇಲ್ಲ. ಸಾಕಿ ಬೆಳೆಸಿದ ಅಜ್ಜಿಗಿಂತ ಹತ್ತಿರದವರು ಯಾರು ಎಂದು ನನಗಂತೂ ತಿಳಿಯದು. ನಾಮಿನಿ ಹೆಸರನ್ನಂತೂ ಮರೆಯದೆ ಬರೆಸಲಿ. ಅದಕ್ಕೆ ಅಜ್ಜಿಯಾದರೂ ಆಗುತ್ತದೆ.

ನಾನು ಕೌಂಟರಿನಲ್ಲಿ ಕೂತಿದ್ದ ಕಾಲದಲ್ಲಿ ಹೊರದೇಶದಿಂದ ಡ್ರಾಫ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಬರುತ್ತಿತ್ತು. ಅವಸರವಾದರೆ ಟಿ.ಟಿ., ಅಂದರೆ ತಂತಿ ಮೂಲಕ. ತಂತಿ ನಿಜವಾದದ್ದೇ ಎಂದು ತಿಳಿಯಲು ಅದರಲ್ಲೊಂದು ಗುಪ್ತಸಂಖ್ಯೆ ಇರುತ್ತಿತ್ತು. ಅದು ತಾಳೆಯಾಗುವವರೆಗೆ ಒಂದು ಪೈಸೆಯೂ ಕೊಡುವಂತಿರಲಿಲ್ಲ. ಇನ್ನೂ ಹಿಂದೆ, ನಾವು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗ, ಕೊಲ್ಲಿಯ ಕಡೆ ನಮ್ಮ ರೂಪಾಯಿಯೇ ಓಡಾಡುತ್ತಿತ್ತು! 1959ರಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಗೆಂದೇ ಬೇರೆ ಬಣ್ಣದ ನೋಟು ಹೊರಡಿಸಿತು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ಆ ದೇಶಗಳು ಅದನ್ನು ಬಿಟ್ಟವು. ಒಮಾನ್ 1970ರಲ್ಲಿ ತನ್ನದೇ ರಿಯಾಲ್ ತಂದಿತು. ಒಂದು ರಿಯಾಲಿಗೆ 1000 ಬೈಸಾ. ಬೈಸಾ ಎಂದರೆ ನಮ್ಮ ಪೈಸೆಯೇ, ಮಕ್ಕಳೇ.

ಈಗ ಹಣ ಬರಲು ಗುಪ್ತಸಂಖ್ಯೆಯ ತಂತಿ ಬೇಡ, ಆದರೆ ಖಾತೆ ಸಂಖ್ಯೆಯ ಜೊತೆಗೆ ಐಎಫ್‌ಎಸ್‌ಸಿ ಸರಿಯಿರಬೇಕು. ಅದರಲ್ಲಿ 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಕೊನೆಯ ಆರು ಶಾಖೆಯದು, ನಡುವೆ ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ ‘ಓ’ ಎಂದು ಬರೆದು ಒದ್ದಾಡುವವರುಂಟು. ಹಳೇ ಪಾಸ್‌ಬುಕ್ ನೋಡಿ ಬರೆದುಕೊಡಬೇಡಿ. 1913ರಲ್ಲಿ ಶುರುವಾದ ನಮ್ಮ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳೊಳಗೆ ಹೋದವು. ಸಂಕೇತಗಳೂ ಬದಲಾದವು.

‘ಅಲ್ಲಿ ರಿಯಾಲ್ ಕೊಡಿ, ಇಲ್ಲಿ ನಮ್ಮ ಹುಡುಗ ಮನೆಗೇ ರೂಪಾಯಿ ತಂದು ಕೊಡುತ್ತಾನೆ’ ಎನ್ನುವವರು ಸಿಗುತ್ತಾರೆ. ಅದು ಹವಾಲಾ, ಅಪರಾಧ. ರಸೀತಿಯೂ ಇರುವುದಿಲ್ಲ.

ಕಡೆಗೆ ಮಕ್ಕಳಿಗೊಂದು ಲೆಕ್ಕ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟವು, ಇವತ್ತಿನ ದರವಲ್ಲ. ಒಂದು ಅಂಗಡಿಯಲ್ಲಿ ಹಣ ಕಳಿಸಲು ಶುಲ್ಕವೇ ಇಲ್ಲ, ರಿಯಾಲಿಗೆ 218 ರೂಪಾಯಿ. ಇನ್ನೊಂದರಲ್ಲಿ ಒಂದು ರಿಯಾಲ್ ಶುಲ್ಕ, ದರ 221. ಕೈಯಲ್ಲಿ 100 ರಿಯಾಲ್ ಇದ್ದರೆ ಮೊದಲನೆಯದರಿಂದ ಅಜ್ಜಿಗೆ 21,800 ರೂಪಾಯಿ. ಎರಡನೆಯದರಿಂದ 99 ರಿಯಾಲಿಗೆ 21,879. ಶುಲ್ಕ ತೆಗೆದುಕೊಂಡವನೇ ಹೆಚ್ಚು ಕೊಟ್ಟ! ಆದರೆ 30 ರಿಯಾಲಿಗೆ ಲೆಕ್ಕ ಹಾಕಿದರೆ 6,540 ಮತ್ತು 6,409, ಈಗ ಮೊದಲನೆಯವನು ಮೇಲು. ಹಾಗಾದರೆ ಎಷ್ಟು ರಿಯಾಲಿಗೆ ಇಬ್ಬರೂ ಸಮ? ಉತ್ತರ ಪೂರ್ಣ ಸಂಖ್ಯೆಯಲ್ಲಿ ಬರುವುದಿಲ್ಲ, ತಪ್ಪಾಯಿತೆಂದು ಉಜ್ಜಿಹಾಕಬೇಡಿ.